ಕೆರೆಯ ಕಸಕ್ಕೆ ಫಲಕವೊಂದೇ ಸಾಲದು



ಮದುವೆ, ತಿಥಿ, ಜಾತ್ರೆ ಮುಗಿದ ಮರುದಿನ ನಮ್ಮ ಕಡೆಯ ಕೆರೆ ಏರಿ, ಹಳ್ಳಗಳ ಬಳಿ ಪ್ಲಾಸ್ಟಿಕ್ ತಟ್ಟೆ-ಲೋಟಗಳ ರಾಶಿ ಬಿದ್ದಿರುತ್ತದೆ. ಒಂದು ಜೋರು ಮಳೆ ಬಂದರೆ ಅದೆಲ್ಲ ಕೆರೆಯ ಪಾಲು. ಇವಕ್ಕೆ ರಾಜ್ಯದಲ್ಲಿ 2016ರಿಂದಲೇ, ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧವಿದೆ. ‘ಕಸ ಹಾಕಬೇಡಿ’ ಎಂಬ ಫಲಕದ ಬುಡದಲ್ಲೇ ಕಸ ಬೀಳುವಾಗ ಇನ್ನೊಂದು ಫಲಕದಿಂದ ಏನಾದೀತು?

ಬದಲಾವಣೆ ಪಂಕ್ತಿಯಲ್ಲೇ ಶುರುವಾಗಬೇಕು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ-ಲೋಟ ಒದಗಿಸುವ ‘ಪ್ಲೇಟ್ ಬ್ಯಾಂಕ್’ ನಡೆಸಿ ತೋರಿಸಿದೆ. ಹಾಲ್ಕುರಿಕೆಯಲ್ಲೂ ಮಹಿಳಾ ಸಂಘಗಳು ಇಂಥದ್ದನ್ನು ನಡೆಸಲಿ, ಮೊದಲ ಬಂಡವಾಳವನ್ನು ಪಂಚಾಯಿತಿ ಕೊಡಲಿ. ಮುತ್ತುಗದೆಲೆ, ಅಡಿಕೆ ಹಾಳೆ ನಮಗೇನು ಹೊಸವೇ? ಊರ ಹಿರಿಯರು ತಮ್ಮ ಮನೆಯ ಮದುವೆಯಲ್ಲಿ ಮೊದಲು ಮಾಡಿದರೆ ಉಳಿದವರೂ ಮಾಡುತ್ತಾರೆ. ದಂಡಕ್ಕಿಂತ ಇದರ ಮೇಲೆಯೇ ನನಗೆ ನಂಬಿಕೆ.

ತೋಟದವರಿಗೂ ಒಂದು ಮಾತು: ಔಷಧಿ ಹೊಡೆದ ಕ್ಯಾನು, ಪಂಪುಗಳನ್ನು ದಯವಿಟ್ಟು ಕೆರೆಯಲ್ಲಿ ತೊಳೆಯಬೇಡಿ. ದನಕರು ಕುಡಿಯುವುದು ಅದೇ ನೀರು, ತೆಂಗಿನ ತೋಟದ ಕೊಳವೆಬಾವಿಗೆ ಇಂಗುವುದೂ ಅದೇ. ಗಣಪನನ್ನು ಬಿಡುವುದೂ ಕೆರೆಯಲ್ಲೇ ಆದ್ದರಿಂದ ಈ ಸಲದ ಗೌರಿ-ಗಣೇಶ ಹಬ್ಬಕ್ಕೆ ಬಣ್ಣವಿಲ್ಲದ ಮಣ್ಣಿನ ಗಣಪನನ್ನೇ ಕೂರಿಸಬೇಕೆಂದು ಊರಿನ ಯುವಕರಲ್ಲಿ ಕೇಳಿಕೊಳ್ಳುತ್ತೇನೆ.

– ತೆಂಗು ಬೆಳೆಗಾರ, ಹಾಲ್ಕುರಿಕೆ, ತಿಪಟೂರು ತಾಲ್ಲೂಕು