ಹಾಡಿಗೆ ಹಾದಿ ಮಾಡಿದವರು



ಕಳೆದ ಮಾಘ ಮಾಸದಲ್ಲಿ ಹೊಳಲ್ಕೆರೆಯ ಸಮೀಪದ ಗ್ರಾಮವೊಂದಕ್ಕೆ, ನನ್ನ ಸಹಪಾಠಿಯೊಬ್ಬರ ಮನೆಯ ಗುರುಪ್ರವೇಶಕ್ಕೆಂದು ಹೋಗಿದ್ದೆ. ಪ್ರಸಾದವಾದ ಬಳಿಕ ಜಗಲಿಯ ಮೇಲೆ ಕುಳಿತಿದ್ದಾಗ ಅವರ ಮೊಮ್ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಮೊಬೈಲಿನಲ್ಲಿ ಹಾಡೊಂದನ್ನು ಹಾಕಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಕೇಳುತ್ತ ಕುಳಿತ ನನಗೆ ತಾಳ ತಪ್ಪುತ್ತಿದೆಯೆಂದೇ ತೋರಿತು.

“ಏನಪ್ಪಾ, ಪೆಟ್ಟು ಬೀಳಬೇಕಾದಲ್ಲಿ ಬೀಳುತ್ತಿಲ್ಲವಲ್ಲ?” ಎಂದೆ.

“ಅದು ಹಂಗೇ ಇರೋದು ಅಜ್ಜ. ಇದು ರೆಗೇ, ಜಮೈಕಾದ್ದು” ಎಂದ. ಮೊಬೈಲನ್ನು ನನ್ನ ಕಿವಿಯ ಹತ್ತಿರ ತಂದು, “ಮೊದಲನೇ ಪೆಟ್ಟನ್ನ ಬೇಕಂತಲೇ ಬಿಟ್ಟಿರ್ತಾರೆ, ಮೂರನೇದರ ಮೇಲೆ ಡ್ರಮ್ ಬೀಳ್ತದೆ. ಗಿಟಾರು ನಡುವೆ ನಡುವೆ ಬರ್ತದೆ, ಕೇಳಿ” ಎಂದು ಬೆರಳಿನಿಂದ ಎಣಿಸಿ ತೋರಿಸಿದ.

ನಮ್ಮ ಸಂಗೀತಶಾಸ್ತ್ರದಲ್ಲಿ ಅತೀತ, ಅನಾಗತ ಎಂಬ ಗ್ರಹಭೇದಗಳುಂಟು. ಹಾಡು ತಾಳದ ಪೆಟ್ಟಿಗಿಂತ ಹಿಂದೆಯೋ ಮುಂದೆಯೋ ಎತ್ತಿಕೊಳ್ಳುವ ಕ್ರಮವದು. ಶಾಸ್ತ್ರ ಓದಿದ ನಾನು ಅದನ್ನು ಜ್ಞಾಪಿಸಿಕೊಳ್ಳದೆ ಹುಡುಗನಿಗೆ ತಪ್ಪು ಹಚ್ಚಿದೆನಲ್ಲಾ ಎಂದು ಒಳಗೊಳಗೇ ನಾಚಿಕೆಯಾಯಿತು. ಮನೆಗೆ ಬಂದ ಮೇಲೆ ಆ ಸಂಗೀತದ ಚರಿತ್ರೆಯನ್ನು ಹುಡುಕಿ ಓದಿದೆ. ಓದುತ್ತ ಹೋದಂತೆ ಅದು ಹಾಡಿನ ಚರಿತ್ರೆಯಷ್ಟೇ ಅಲ್ಲದೆ ಹಾಡನ್ನು ಜನರಿಗೆ ಮುಟ್ಟಿಸಿದವರ ಚರಿತ್ರೆಯೂ ಹೌದೆಂದು ತಿಳಿಯಿತು. ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಜಮೈಕಾ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ಆಫ್ರಿಕದಿಂದ ಗುಲಾಮರನ್ನು ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದ ನಾಡು. 1838ರಲ್ಲಿ ಗುಲಾಮರಿಗೆ ಪೂರ್ಣ ಬಿಡುಗಡೆಯಾದ ಬಳಿಕ, ತೋಟಗಳಿಗೆ ಆಳುಗಳು ಸಾಲದೆ, 1845ರಿಂದ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಹಡಗುಗಳಲ್ಲಿ ಒಯ್ದರು. ಸುಮಾರು 36,000 ಜನ ಹೀಗೆ ಹೋದರೆಂದು ಚರಿತ್ರೆ ಹೇಳುತ್ತದೆ. ನಮ್ಮ ‘ಗಾಂಜಾ’ ಎಂಬ ಮಾತು ಇಂದಿಗೂ ಆ ದ್ವೀಪದಲ್ಲಿ ಅದೇ ಹೆಸರಿನಿಂದ ಉಳಿದಿದೆ. (ಕೂಲಿಗಳೊಡನೆ ನಮ್ಮ ನಾಡಿನಿಂದ ಹೋಗಬೇಕಾದ ಪದಾರ್ಥಗಳು ಬೇರೆ ಬೇಕಾದಷ್ಟಿದ್ದವು, ಇದು ಹೋದುದಕ್ಕೆ ನಾವು ಬೀಗಬೇಕಾಗಿಲ್ಲ.) 1962ರಲ್ಲಿ ಜಮೈಕಾ ಸ್ವತಂತ್ರವಾಯಿತು. ಅದೇ ದಶಕದ ಕೊನೆಯಲ್ಲಿ, ರಾಜಧಾನಿ ಕಿಂಗ್‌ಸ್ಟನ್ನಿನ ಬಡವರ ಕೇರಿಗಳಲ್ಲಿ ರೆಗೇ ರೂಪುಗೊಂಡಿತು. ಬಾಬ್ ಮಾರ್ಲಿ ಎಂಬ ಗಾಯಕ ಅದನ್ನು ಲೋಕವಿಖ್ಯಾತಗೊಳಿಸಿ, 1981ರಲ್ಲಿ ತನ್ನ ಮೂವತ್ತಾರನೆಯ ವಯಸ್ಸಿನಲ್ಲೇ ತೀರಿಕೊಂಡ. 2018ರಲ್ಲಿ ಯುನೆಸ್ಕೋ ಸಂಸ್ಥೆ ರೆಗೇಯನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಇಷ್ಟು ಕೀರ್ತಿ ಬಂದ ಸಂಗೀತಕ್ಕೆ ಹುಟ್ಟಿದ ಊರಿನಲ್ಲೇ ರೇಡಿಯೋ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಕೇರಿಯ ಹಾಡು ಗೌರವಸ್ಥರಿಗೆ ಹೇಳಿಸಿದ್ದಲ್ಲವೆಂಬ ಭಾವನೆ ಬಹುಕಾಲ ಇತ್ತು. ಜನರು ದೊಡ್ಡ ದೊಡ್ಡ ಧ್ವನಿವರ್ಧಕಗಳನ್ನು ಬಂಡಿಗಳಲ್ಲಿ ಹೇರಿಕೊಂಡು ಬಂದು ಬೀದಿಯಲ್ಲೇ ನಿಲ್ಲಿಸಿ ಕೇಳಿದರು. ಹಗಲಿರುಳು ರೆಗೇಯನ್ನೇ ಬಿತ್ತರಿಸುವ ಕೇಂದ್ರವೊಂದು ಜಮೈಕಾದಲ್ಲಿ ಆರಂಭವಾದದ್ದು 1990ರಲ್ಲಿ, ಐರೀ ಎಫ್.ಎಂ. ಎಂಬ ಹೆಸರಿನಿಂದ. ಅಷ್ಟರಲ್ಲಿ ಮಾರ್ಲಿ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು.

ಲಂಡನ್ನಿನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿಗೆ ವಲಸೆ ಹೋದ ಕೆರಿಬಿಯನ್ ಜನರ ಹಾಡುಗಳನ್ನು ಅಲ್ಲಿನ ದೊಡ್ಡ ರೇಡಿಯೋಗಳು ವಾರಕ್ಕೆ ಕೆಲವೇ ಗಂಟೆ ಕೇಳಿಸುತ್ತಿದ್ದವು. ಲೆರಾಯ್ ಆಂಡರ್ಸನ್ ಎಂಬಾತ, ಮಾರ್ಲಿಯ ಪತ್ನಿ ರೀಟಾಳ ಸೋದರ, 1980ರ ಸುಮಾರಿಗೆ ‘ಡ್ರೆಡ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್’ ಎಂಬ ಹೆಸರಿಟ್ಟು, ಪರವಾನಗಿಯಿಲ್ಲದೆಯೇ ತನ್ನದೊಂದು ಪ್ರೇಷಕದಿಂದ ಬಿತ್ತರಿಸತೊಡಗಿದ. ಬಿ.ಬಿ.ಸಿ.ಯನ್ನು ಅಣಕಿಸುವ ಹೆಸರದು. ಅಧಿಕಾರಿಗಳು ಹುಡುಕಿಕೊಂಡು ಬರುವುದು, ಯಂತ್ರಗಳನ್ನು ಜಪ್ತಿ ಮಾಡುವುದು, ಅವರು ಮತ್ತೆ ಹೂಡುವುದು. 1984ರವರೆಗೆ ಹೀಗೇ ನಡೆಯಿತು. ಕಾನೂನು ಮೀರುವುದನ್ನು ನಾನು ಹೊಗಳುವವನಲ್ಲ. ಆದರೆ ತನ್ನವರ ಹಾಡು ತನ್ನವರ ಕಿವಿಗೆ ಬೀಳಬೇಕೆಂಬ ಆ ಹಟವನ್ನು ಓದಿದಾಗ ನನಗೆ ನೆನಪಾದವರು ನಮ್ಮ ಮೈಸೂರಿನ ಪ್ರೊಫೆಸರೊಬ್ಬರು.

ಎಂ. ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಓದಿ ಬಂದು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ, ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕದಿಂದ ಬಾನುಲಿ ಪ್ರಸಾರ ಆರಂಭಿಸಿದರು. ಈಗ ನಮ್ಮ ಮನೆಯ ಒಂದು ದೀಪಕ್ಕೆ ಹಿಂದಿನ ಕಾಲದಲ್ಲಿ ಅದಕ್ಕಿಂತ ಹೆಚ್ಚು ವಿದ್ಯುತ್ತು ಬೇಕಾಗುತ್ತಿತ್ತು! ಅನಂತರ 250 ವ್ಯಾಟಿನ ಯಂತ್ರ ಬಂದಿತು. ಸಂಗೀತ, ಉಪನ್ಯಾಸ, ನಾಟಕ, ಎಲ್ಲಕ್ಕೂ ಮನೆಯೇ ಕೇಂದ್ರ. ವೆಚ್ಚದ ಬಹುಭಾಗ ಸ್ವಂತ ಕೈಯದು. ವರ್ಷಗಟ್ಟಲೆ ಹೀಗೆ ನಡೆಸಿ, 1940ರ ದಶಕದ ಆರಂಭದಲ್ಲಿ ಅದನ್ನು ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನ ಆ ಕೇಂದ್ರಕ್ಕೆ ಮೊದಲು ಬಂದು, ಆಮೇಲೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಪಾಠ ಹೇಳಿ ಸಂಬಳ ತೆಗೆದುಕೊಂಡು ಸುಖವಾಗಿರಬಹುದಾಗಿದ್ದ ಗೃಹಸ್ಥರೊಬ್ಬರು ಮನೆಯನ್ನೇ ಹಾಡಿನ ಛತ್ರ ಮಾಡಿಕೊಂಡರೆಂಬುದನ್ನು ನೆನೆದಾಗ, ನಮ್ಮ ದಾಸೋಹದ ಮಾತು ಅನ್ನಕ್ಕಷ್ಟೇ ಸೀಮಿತವಲ್ಲವೆನಿಸುತ್ತದೆ.

ಮುಂದೆ 1950ರಲ್ಲಿ ಧಾರವಾಡ ಕೇಂದ್ರ ಆರಂಭವಾಯಿತು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಅವರ, ಬಸವರಾಜ ರಾಜಗುರುಗಳ, ಸಿದ್ಧರಾಮ ಜಂಬಲದಿನ್ನಿಯವರ ಕಂಠದಲ್ಲಿ ಶರಣರ ವಚನಗಳು ನಮ್ಮ ಪಡಸಾಲೆಗಳಿಗೆ ಬಂದವು. ನಾನು ಚಿತ್ರದುರ್ಗದಲ್ಲಿ ಉಚಿತ ಪ್ರಸಾದ ನಿಲಯದ ವಿದ್ಯಾರ್ಥಿಯಾಗಿದ್ದಾಗ ಅಲ್ಲಿ ಒಂದೇ ಒಂದು ರೇಡಿಯೋ ಇತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಅದರ ಪರವಾನಗಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುವುದು ನನ್ನ ಪಾಲಿನ ಕೆಲಸ. ಬೆಳಗಿನ ಪೂಜೆಯ ಹೊತ್ತಿಗೆ ರೇಡಿಯೋದಲ್ಲಿ ವಚನ ಬಂದರೆ ಅಡುಗೆಮನೆಯ ಪಾತ್ರೆಗಳ ಸದ್ದೂ ನಿಲ್ಲುತ್ತಿತ್ತು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇಷ್ಟು ವರ್ಷ ಈ ಅಂಕಣ ಬರೆದೂ ಹೇಳಿರಲಿಲ್ಲ.

1980ರ ದಶಕದ ಕೊನೆಯ ಮಾತು. ಹೊಸದುರ್ಗದ ಕಡೆಯ ಹಳ್ಳಿಯೊಂದಕ್ಕೆ ಹಾಡುಗಳ ಧ್ವನಿಮುದ್ರಣಕ್ಕೆಂದು ಬಂದವರೊಡನೆ, ಪಾಠ ಬಲ್ಲವನೆಂದು ನನ್ನನ್ನೂ ಕರೆದೊಯ್ದಿದ್ದರು. ಎಪ್ಪತ್ತು ದಾಟಿದ ತಾಯಿಯೊಬ್ಬರು ಏಕತಾರಿ ಹಿಡಿದು ವಚನವೊಂದನ್ನು ತಮ್ಮದೇ ಧಾಟಿಯಲ್ಲಿ ಎತ್ತಿಕೊಂಡರು. ಪದಗಳು ಅಚ್ಚಾದ ಪಾಠದಂತಿರಲಿಲ್ಲ. ಅಂಕಿತವೂ ಬೇರೆ ಶರಣರದಾಗಿತ್ತು. ನಾನು ಕೈಯೆತ್ತಿ ನಿಲ್ಲಿಸಿದೆ. “ಅಮ್ಮಾ, ಇದು ತಪ್ಪು ಪಾಠ” ಎಂದು, ಸರಿಯಾದುದನ್ನು ಓದಿ ಹೇಳಿದೆ. ಆಕೆ ಸೆರಗು ಸರಿಪಡಿಸಿಕೊಂಡು, “ನಮ್ಮವ್ವ ಹಿಂಗೇ ಹೇಳಿಕೊಟ್ಟಿದ್ಲು ಅಯ್ನೋರೇ” ಎಂದರು. ಅನಂತರ ನಾನು ಹೇಳಿದಂತೆಯೇ ಎರಡು ಸಾರಿ ಹಾಡಿದರು, ಶಾಲೆಯ ಮಗು ಮಗ್ಗಿ ಒಪ್ಪಿಸಿದ ಹಾಗೆ. ಧ್ವನಿಸುರುಳಿಯಲ್ಲಿ ಉಳಿದದ್ದು ಅದು. ಇನ್ನೊಂದು ಹಾಡು ಹೇಳಿರೆಂದರೆ ‘ಗಂಟಲು ಕಟ್ಟಿದೆ’ ಎಂದು ಎದ್ದುಹೋದರು. ಕೆಲವು ವರ್ಷಗಳ ಬಳಿಕ ಮತ್ತೆ ಆ ಊರಿಗೆ ಹೋದಾಗ ಆಕೆ ಲಿಂಗೈಕ್ಯರಾಗಿದ್ದರು. ಅವರ ಧಾಟಿಯನ್ನು ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಪಾಠವನ್ನು ಗ್ರಂಥಾಲಯದಲ್ಲಿ ಯಾವಾಗ ಬೇಕಾದರೂ ನೋಡಬಹುದಾಗಿತ್ತು. ಆ ತಾಯಿಯ ತಾಯಿ ಕಲಿಸಿದ ಧಾಟಿ ಮಾತ್ರ ಅಂದು ಆ ಪಡಸಾಲೆಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಗೌರವಸ್ಥರು ಬೀದಿಯ ಹಾಡಿಗೆ ಬಾಗಿಲು ಹಾಕಿದರೆಂದು ಜಮೈಕಾದ ಚರಿತ್ರೆಯಲ್ಲಿ ಓದಿದಾಗ ನನಗೆ ಕಂಡದ್ದು ನನ್ನ ಎತ್ತಿದ ಕೈ.

ಇಂದು ಕಾನೂನಿನ ಅಡ್ಡಿ ಹೆಚ್ಚಿಲ್ಲ. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಅದಕ್ಕೂ ಮುನ್ನವೇ ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು ‘ನಮ್ಮ ಧ್ವನಿ’ ಎಂಬುದನ್ನು ಕಟ್ಟಿಕೊಂಡು, ಗಾಳಿಯಲ್ಲಿ ಬಿಡಲು ಅಪ್ಪಣೆಯಿಲ್ಲದ ಕಾರಣ ಕೇಬಲ್ಲಿನ ತಂತಿಯ ಮೂಲಕ ಮನೆಮನೆಗೆ ತಮ್ಮ ಮಾತು, ಹಾಡುಗಳನ್ನು ಕಳುಹಿಸಿದ್ದರು. ಕಾರ್ಯಕ್ರಮಗಳ ಅರ್ಧದಷ್ಟಾದರೂ ಆಯಾ ಊರಿನಲ್ಲೇ ಸಿದ್ಧವಾಗಬೇಕೆಂಬುದು ನಿಯಮ. ಪ್ರೇಷಕದ ಶಕ್ತಿ ಅಲ್ಪ. ಹತ್ತು ಹದಿನೈದು ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಎಫ್.ಎಂ. ಅಲೆಗಳಿಗೆ ಗುಡ್ಡಗಳನ್ನು ದಾಟುವ ಶಕ್ತಿಯೂ ಕಡಿಮೆ. ಆದುದರಿಂದ ಚಿತ್ರದುರ್ಗದ ಬಂಡೆಗಳ ನಡುವೆ ನಿಂತು ಹಾಡಿದ್ದು ಹಿರಿಯೂರಿಗೂ ಹೊಳಲ್ಕೆರೆಗೂ ಕೇಳದು. ಹೊಸದುರ್ಗವಂತೂ ದೂರದ ಮಾತು. ಊರಿಗೊಂದು ಬೇಕು.

ಯಂತ್ರಕ್ಕೆ ಹಣ ಕೂಡಿಸುವುದು ಕಷ್ಟವಲ್ಲ. ನಮ್ಮವರು ಜಾತ್ರೆ, ರಥೋತ್ಸವಗಳಿಗೆ ಧಾರಾಳವಾಗಿ ಕೊಡುತ್ತಾರೆ. ಧ್ವನಿವರ್ಧಕಕ್ಕಂತೂ ಕೇಳುವುದೇ ಬೇಡ. ಕಷ್ಟವಿರುವುದು ಪ್ರತಿದಿನ ಅಲ್ಲಿ ಕುಳಿತುಕೊಳ್ಳುವವರನ್ನು ಹುಡುಕುವುದರಲ್ಲಿ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೆ ಬಂದ ಭಜನೆಯವರನ್ನು ಒಳಗೆ ಕರೆದು ಕೂರಿಸಿ, ಬೀಸುವ ಪದ ಬಲ್ಲ ಮುದುಕಿಯ ಮನೆಗೆ ತಾನೇ ಹೋಗಿ, ಸೋಬಾನೆಯ ಒಂದು ಸಾಲಿಗಾಗಿ ಮಧ್ಯಾಹ್ನವೆಲ್ಲ ಕಾದು, ಇದನ್ನು ಮೂವತ್ತು ವರ್ಷ ಮಾಡುವವರು ಬೇಕು. ಗೋಪಾಲಸ್ವಾಮಿಯವರಂಥವರು ಎಲ್ಲ ಊರಿನಲ್ಲೂ ಹುಟ್ಟುವುದಿಲ್ಲ. ನಾನಂತೂ ಆ ವಯಸ್ಸನ್ನು ದಾಟಿದ್ದೇನೆ.

ಇದನ್ನೆಲ್ಲ ಆ ಹುಡುಗನಿಗೆ ದೂರವಾಣಿಯಲ್ಲಿ ಹೇಳಿದೆ. ಅವನು ಹೆಚ್ಚು ಮಾತಾಡಲಿಲ್ಲ. ಯುಗಾದಿಯ ರಜೆಯಲ್ಲಿ ಊರಿಗೆ ಬಂದವನು ತನ್ನ ಅಜ್ಜಿಯನ್ನು ಹಟ್ಟಿಯ ಹಿಂದಿನ ಹುಣಸೆಮರದ ಕೆಳಗೆ ಕೂರಿಸಿ ಹಾಡಿಸಿದನಂತೆ. “ಇದನ್ಯಾರು ಕೇಳ್ತಾರೋ ಮಗಾ” ಎಂದು ಆಕೆ ಮೊದಲು ಒಪ್ಪಲಿಲ್ಲವಂತೆ. ಈವರೆಗೆ ಹನ್ನೊಂದು ಹಾಡುಗಳನ್ನು ನನ್ನ ಮೊಬೈಲಿಗೆ ಕಳುಹಿಸಿದ್ದಾನೆ. ನಡುವೆ ಕೋಳಿ ಕೂಗಿದ್ದೂ ಬಂದಿದೆ. ಅವುಗಳಲ್ಲೊಂದು ವಚನ. ಅದರ ಪಾಠ ನಾನು ಬಲ್ಲ ಪಾಠಕ್ಕಿಂತ ಎರಡು ಕಡೆ ಬೇರೆಯಾಗಿದೆ. ಕೇಳಿದಂತೆಯೇ ಬರೆದಿಟ್ಟುಕೊಂಡಿದ್ದೇನೆ.