ಆಟದ ಗಾಯಗಳೂ ಹಿರಿಯರ ಹೊಣೆಯೂ

ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳು ನಡೆಯುವ ದಿನಗಳಲ್ಲಿ ನಮ್ಮ ಊರುಗಳ ಬಯಲುಗಳು ಎಳೆಯರ ಉತ್ಸಾಹದಿಂದ ತುಂಬಿ ತುಳುಕುತ್ತವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಬಯಲಿನ ಅಂಚಿನಲ್ಲಿ ಬೇರೊಂದು ನೋಟವೂ ಉಂಟು. ಕಬಡ್ಡಿಯಾಡುತ್ತಿದ್ದ ಹುಡುಗನ ಮೊಣಕಾಲು ತಿರುಚುತ್ತದೆ. ಒಬ್ಬರು ನೀರು ಚಿಮುಕಿಸುತ್ತಾರೆ, ಇನ್ನೊಬ್ಬರು ಕಾಲನ್ನು ಎಳೆದು ತಿಕ್ಕುತ್ತಾರೆ, ಮತ್ತೊಬ್ಬರು 'ಏನೂ ಆಗಿಲ್ಲ, ಏಳು' ಎಂದು ಬೆನ್ನು ತಟ್ಟುತ್ತಾರೆ. ಹುಡುಗನು ಕುಂಟುತ್ತ ಮತ್ತೆ ಅಂಕಣಕ್ಕೆ ಇಳಿಯುತ್ತಾನೆ. ನೆರೆದವರು ಚಪ್ಪಾಳೆ ಹೊಡೆಯುತ್ತಾರೆ. ಆ ಚಪ್ಪಾಳೆಯನ್ನು ಕುರಿತೇ ಇಂದು ಮಹಾಜನರಲ್ಲಿ ಎರಡು ಮಾತು ಬಿನ್ನವಿಸಬೇಕಾಗಿದೆ.

ನೋವನ್ನು ನುಂಗಿ ಆಡುವುದೇ ವೀರಲಕ್ಷಣವೆಂದು ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಇದಕ್ಕೆ ಎಲ್ಲರೂ ಎತ್ತಿ ತೋರಿಸುವ ದೃಷ್ಟಾಂತ ಬೆಂಗಳೂರಿನವರೇ ಆದ ಅನಿಲ್ ಕುಂಬ್ಳೆಯವರದು. 2002ರಲ್ಲಿ ಆಂಟಿಗಾ ದ್ವೀಪದ ಟೆಸ್ಟ್ ಪಂದ್ಯದಲ್ಲಿ ಚೆಂಡು ಬಡಿದು ದವಡೆ ಮುರಿದಿದ್ದರೂ ಅವರು ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರು ಬೌಲ್ ಮಾಡಿದರು. ಬ್ರಯಾನ್ ಲಾರಾರನ್ನು ಔಟು ಮಾಡಿದರು. ಆ ಧೈರ್ಯಕ್ಕೆ ತಲೆಬಾಗದವರಾರು? ಆದರೆ ಅದೇ ಕುಂಬ್ಳೆಯವರು 2001ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಆಸ್ಟ್ರೇಲಿಯದವರೊಡನೆ ನಮ್ಮ ದೇಶದಲ್ಲಿಯೇ ನಡೆದ ಪ್ರಸಿದ್ಧ ಪಂದ್ಯಮಾಲೆಯನ್ನು ಬಿಟ್ಟುಕೊಟ್ಟು, ತಿಂಗಳುಗಟ್ಟಲೆ ಕಾದರೆಂಬುದನ್ನು ನೆನೆಯುವವರು ವಿರಳ. 2008ರಲ್ಲಿ ಅವರು 619 ಟೆಸ್ಟ್ ವಿಕೆಟ್ಟುಗಳೊಡನೆ ನಿವೃತ್ತರಾದದ್ದು ಆಂಟಿಗಾದ ಆ ಒಂದು ದಿನದ ಸಾಹಸದಿಂದಲ್ಲ, ಇಂತಹ ತಾಳ್ಮೆಯಿಂದ. ಅಲ್ಲದೆ ಅವರು ವಯಸ್ಕರು. ನಿರ್ಧಾರ ಅವರದೇ ಆಗಿತ್ತು. ಹದಿನಾಲ್ಕು ವರ್ಷದ ಬಾಲಕನ ಪರವಾಗಿ ನಿರ್ಧರಿಸುವವರು ನಾವು. ಆದುದರಿಂದ ಹೊಣೆಯೂ ನಮ್ಮದೇ.

ಆಟದ ಗಾಯವೆಂದರೆ ಹಣೆಯ ಬರಹವೆಂದು ಬಗೆಯುವವರು ಇನ್ನೂ ಅನೇಕರಿದ್ದಾರೆ. ಅದು ಹಾಗಲ್ಲ. ಬಹುಪಾಲು ಗಾಯಗಳಿಗೆ ಕಾರಣವುಂಟು, ಗುರುತುಂಟು, ತಡೆಯುವ ಮಾರ್ಗವೂ ಉಂಟು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಕಾಲಿನ ಹರಡು ಉಳುಕುವುದು. ಪಾದವು ಒಳಕ್ಕೆ ಮಗುಚಿ, ಎಲುಬನ್ನು ಎಲುಬಿಗೆ ಬಿಗಿದಿರುವ ಅಸ್ಥಿರಜ್ಜು ಹಿಗ್ಗುತ್ತದೆ ಇಲ್ಲವೆ ಹರಿಯುತ್ತದೆ. ಪೆಟ್ಟಾದವನು ನಾಲ್ಕು ಹೆಜ್ಜೆ ಊರಲಾರದೆ ಹೋದರೆ, ಅಥವಾ ಗಿಣ್ಣಿನ ಎಲುಬನ್ನು ಒತ್ತಿದಾಗ ನೋವೆದ್ದರೆ, ಎಕ್ಸ್‌ರೇ ತೆಗೆಸದೆ ಇರಕೂಡದು. ಮೊಣಕಾಲಿನ ಗಾಯ ಇದಕ್ಕಿಂತ ಗಂಭೀರವಾದುದು. ಓಡುತ್ತ ಥಟ್ಟನೆ ತಿರುಗುವಾಗ ಅಥವಾ ನೆಗೆದು ಇಳಿಯುವಾಗ, ಯಾರೂ ಮುಟ್ಟದಿದ್ದರೂ, ಒಳಗೆ 'ಟಪ್' ಎಂದಂತಾಗಿ, ಕೆಲವೇ ಗಂಟೆಗಳಲ್ಲಿ ಕೀಲು ಊದಿಕೊಂಡು, ನಡೆಯುವಾಗ ಕಾಲು ಕೈಕೊಟ್ಟಂತಾದರೆ, ಒಳಗಿನ ರಜ್ಜು ಹರಿದಿರುವ ಸಂಭವ ಹೆಚ್ಚು. ಈ ಗಾಯವು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚಾಗಿ ಆಗುತ್ತದೆಂಬುದನ್ನು ಬಾಲಿಕೆಯರ ತಂಡಗಳನ್ನು ನಡೆಸುವವರು ಮರೆಯಬಾರದು.

ತಲೆಯ ಪೆಟ್ಟು ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ. ಬಿದ್ದವನಿಗೆ ಎಚ್ಚರ ತಪ್ಪಲೇಬೇಕೆಂದಿಲ್ಲ. ತಲೆನೋವು, ವಾಂತಿ, ಮಂಕು, ಕೇಳಿದ್ದನ್ನೇ ಮತ್ತೆ ಕೇಳುವುದು, ಆಡಿದ ಆಟದ ಅಂಕವೇ ನೆನಪಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಅಂದು ಅವನನ್ನು ಆಡಿಸಕೂಡದು, ವೈದ್ಯರಿಗೆ ತೋರಿಸಬೇಕು. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿಯೇ 2019ರಿಂದ ತಲೆಗೆ ಪೆಟ್ಟಾದವನ ಬದಲು ಬೇರೊಬ್ಬನನ್ನು ಆಡಿಸುವ ನಿಯಮ ಬಂದಿದೆ. ಲೋಕವಿಖ್ಯಾತ ಆಟಗಾರರಿಗೆ ದೊರೆಯುವ ಈ ರಕ್ಷಣೆ ನಮ್ಮ ತಾಲ್ಲೂಕಿನ ಹುಡುಗನಿಗೆ ಬೇಡವೆ?

ಇನ್ನು ಒಂದೇ ಪೆಟ್ಟಿನಿಂದಾಗದೆ ದಿನದಿನದ ದುಡಿಮೆಯಿಂದಾಗುವ ಗಾಯಗಳುಂಟು. ಬೆಳೆಯುವ ವಯಸ್ಸಿನಲ್ಲಿ ಅಳತೆಮೀರಿ ವೇಗದ ಬೌಲಿಂಗ್ ಮಾಡಿಸಿದ ಹುಡುಗನ ಸೊಂಟದ ಎಲುಬು ಕ್ರಮೇಣ ಬಿರುಕುಬಿಡುತ್ತದೆ. ಮಂಡಿಚಿಪ್ಪಿನ ಕೆಳಗೆ ನೋವೆಂದು ದೂರುವ ಬಾಲಕನು ಮೈಗಳ್ಳನಾಗಿರಬೇಕಾಗಿಲ್ಲ. ಅವನ ಎಳೆಯ ಎಲುಬು ವಿಶ್ರಾಂತಿ ಬೇಡುತ್ತಿರಬಹುದು. ವಾರಕ್ಕೆ ಒಂದು ದಿನವಾದರೂ ಪೂರ್ಣ ಬಿಡುವು ಕೊಡತಕ್ಕದ್ದು.

ತಡೆಯುವ ಮಾರ್ಗಕ್ಕೆ ಹೆಚ್ಚು ಹಣ ಬೇಕೆಂಬುದು ಬರಿಯ ನೆಪ. ನಮ್ಮ ಹಳೆಯ ಗರಡಿಗಳನ್ನು ನೆನೆಯಿರಿ. ಅಲ್ಲಿ ಮಟ್ಟಿಯನ್ನು ಅಗೆದು ಹದಮಾಡದೆ ಕುಸ್ತಿಯಿಲ್ಲ. ದಂಡ ಬಸ್ಕಿಗಳಿಂದ ಮೈಯನ್ನು ಪಳಗಿಸದೆ ಹೊಸಬನನ್ನು ಉಸ್ತಾದನು ಕಣಕ್ಕೆ ಬಿಡುತ್ತಿರಲಿಲ್ಲ. ಈ ವಿವೇಕವನ್ನೇ ಇಂದಿನ ವಿಜ್ಞಾನವೂ ಎತ್ತಿಹಿಡಿದಿದೆ. ನಾರ್ವೆ ದೇಶದಲ್ಲಿ ಫುಟ್‌ಬಾಲ್ ಆಡುವ ಹದಿಹರೆಯದ ಬಾಲಿಕೆಯರಿಂದ ಆಟಕ್ಕೆ ಮುಂಚೆ ಸುಮಾರು 20 ನಿಮಿಷ ಕ್ರಮಬದ್ಧವಾಗಿ ಓಟ, ಬಲವರ್ಧನೆ, ಸಮತೋಲ ಮತ್ತು ನೆಗೆತದ ವ್ಯಾಯಾಮಗಳನ್ನು ಮಾಡಿಸಿ ನೋಡಲಾಯಿತು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಗಾಯಗಳು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿದವು. ಅದಕ್ಕೆ ಬೇಕಾದದ್ದು ಒಂದು ಚೆಂಡು, ಒಂದಿಷ್ಟು ಬಯಲು, ಗಮನವಿಟ್ಟು ಕಲಿಸುವ ಒಬ್ಬ ಶಿಕ್ಷಕ, ಇಷ್ಟೇ.

ಮತ್ತೊಂದು ಸಂಗತಿ. ನಮ್ಮ ಹಳ್ಳಿಯ ತರುಣರು ಮಣ್ಣಿನಲ್ಲಿ ಬರಿಗಾಲಿನಲ್ಲಿ ಕಬಡ್ಡಿ ಕಲಿತು, ಪಂದ್ಯದ ದಿನ ಶೂ ಧರಿಸಿ ಮ್ಯಾಟಿನ ಮೇಲೆ ಆಡುತ್ತಾರೆ. ಮಣ್ಣಿನಲ್ಲಿ ಪಾದವು ಜಾರಿ ಬಿಡುತ್ತದೆ. ಮ್ಯಾಟಿನಲ್ಲಿ ಅದು ಕಚ್ಚಿ ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ, ನಡುವಣ ಮೊಣಕಾಲು ಅದರ ದಂಡ ತೆರುತ್ತದೆ. ಮ್ಯಾಟಿನ ಪಂದ್ಯವನ್ನು ಏರ್ಪಡಿಸುವವರು ಅದರ ಮೇಲೆ ಅಭ್ಯಾಸಕ್ಕೂ ಅವಕಾಶ ಕೊಡಬೇಕಾದದ್ದು ನ್ಯಾಯ.

ಗಾಯವಾದ ಮೇಲೆ ಮಾಡತಕ್ಕದ್ದು ಸರಳ. ಆಟ ನಿಲ್ಲಿಸುವುದು, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡುವುದು, ರಕ್ತಸಂಚಾರ ನಿಲ್ಲದಂತೆ ಪಟ್ಟಿ ಕಟ್ಟುವುದು, ಪೆಟ್ಟಾದ ಅಂಗವನ್ನು ಎತ್ತರದಲ್ಲಿರಿಸುವುದು. ಮೊದಲ ಎರಡು ದಿನ ಶಾಖ ಕೊಡುವುದೂ, ಉಳುಕು ತೆಗೆಯುವೆನೆಂದು ಎಳೆದು ತಿಕ್ಕುವುದೂ ಊತವನ್ನು ಹೆಚ್ಚಿಸುತ್ತವೆ. ಅಂಗವು ಸೊಟ್ಟಗಾಗಿ ಎಲುಬು ಮುರಿದಂತೆ ಕಂಡರೆ ಅದನ್ನು ಅಲುಗಿಸದೆ ದಬ್ಬೆ ಕಟ್ಟಿ ಆಸ್ಪತ್ರೆಗೆ ಸಾಗಿಸಬೇಕು. ಶಸ್ತ್ರಚಿಕಿತ್ಸೆಯಾದ ಮೊಣಕಾಲಿಗೆ ಒಂಬತ್ತು ತಿಂಗಳಾದರೂ ತುಂಬುವ ಮೊದಲು ಪಂದ್ಯಕ್ಕೆ ಮರಳುವುದು ಎರಡನೆಯ ಗಾಯವನ್ನು ಕರೆದಂತೆ.

ಇವೆಲ್ಲವನ್ನೂ ಬಲ್ಲ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಮೂರು. ಮಂಜುಗಡ್ಡೆ, ಪಟ್ಟಿ, ದಬ್ಬೆ, ಸ್ಟ್ರೆಚರು ಮತ್ತು ಒಂದು ವಾಹನ ಸಿದ್ಧವಿಲ್ಲದ ಬಯಲಿನಲ್ಲಿ ಪಂದ್ಯ ಆರಂಭಿಸಲು ಅನುಮತಿ ಕೊಡದಿರಲಿ. ಪ್ರಥಮ ಚಿಕಿತ್ಸೆ ಬಲ್ಲವರೊಬ್ಬರನ್ನು ನೇಮಿಸಿ, ಆಟಗಾರನನ್ನು ಹೊರಗೆ ಕೂರಿಸುವ ವಿಷಯದಲ್ಲಿ ಅವರ ಮಾತೇ ಕೊನೆಯದೆಂದು ವಿಧಿಸಲಿ. ಒಬ್ಬನೇ ಹುಡುಗನನ್ನು ಒಂದೇ ದಿನ ಹತ್ತಾರು ಸ್ಪರ್ಧೆಗಳಿಗೆ ಇಳಿಸುವ ಪದ್ಧತಿಗೆ ಮಿತಿ ಹಾಕಲಿ.

ಶಾಲೆಗೆ ಕೀರ್ತಿ ಬೇಕು, ಊರಿಗೆ ಢಾಲು ಬೇಕು. ಆದರೆ ಬಡವನ ಮಗನಿಗೆ ಆ ಕಾಲೇ ನಾಳೆಯ ಅನ್ನ. ಕ್ರೀಡೆಯ ಬಲದಿಂದ ನೌಕರಿಯನ್ನೋ ವಿದ್ಯೆಯನ್ನೋ ಪಡೆಯಬಹುದಾಗಿದ್ದವನು ಹದಿನೇಳರಲ್ಲಿಯೇ ಕುಂಟನಾಗಿ ಹೊಲಕ್ಕೆ ಮರಳಿದರೆ, ಕಪಾಟಿನಲ್ಲಿರುವ ಢಾಲು ಅವನ ನೇಗಿಲು ಹಿಡಿಯುವುದಿಲ್ಲ. ಮುಂದಿನ ಸಲ ಹುಡುಗನೊಬ್ಬನು ಕುಂಟುತ್ತ ಅಂಕಣಕ್ಕೆ ಮರಳುವಾಗ ನೆರೆದ ಹಿರಿಯರು ಚಪ್ಪಾಳೆಯನ್ನು ತಡೆದು, 'ಕೂರಪ್ಪ, ಇಂದಿಗೆ ಸಾಕು' ಎನ್ನುವಂತಾಗಲಿ. ನಿಜವಾದ ಕ್ರೀಡಾಪ್ರೇಮವು ಅಲ್ಲಿಂದ ಮೊದಲಾಗುತ್ತದೆ.