ಅನಾಹುತದ ದಿನ ಯಾರ ಲೆಕ್ಕ ಅಚ್ಚಾಗುತ್ತದೆ?

ಕಾರ್ಖಾನೆಯಲ್ಲಿ ಅನಾಹುತವಾದ ದಿನ ಮೊದಲು ಗೇಟು ಮುಚ್ಚುತ್ತದೆ, ಅನಂತರ ಆಡಳಿತವರ್ಗದ ಹೇಳಿಕೆ ಹೊರಬೀಳುತ್ತದೆ. ಒಳಗೆ ದುಡಿದವನ ಮಾತು ಪತ್ರಿಕೆಗೆ ಸೇರುವುದು ಮೂರನೆಯ ದಿನ, ಸೇರಿದರೆ.

ನರಸಾಪುರದ ಪ್ರಕರಣವನ್ನೇ ನೋಡಿ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುವ ಕಾರ್ಮಿಕರು ಸಂಬಳ ಸರಿಯಾಗಿ ಬರಲಿಲ್ಲವೆಂದು ಸಿಡಿದೆದ್ದರು. ಗಾಜು ಒಡೆಯಿತು, ವಾಹನ ಉರುಳಿದವು. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕಂಪನಿ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ! ದೇಶವೆಲ್ಲ ಆ ಅಂಕಿಯನ್ನೇ ಜಪಿಸಿತು. ಕೆಲವೇ ದಿನಗಳಲ್ಲಿ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ತಿಳಿಸಿದ್ದು ಹೆಚ್ಚೆಂದರೆ 52 ಕೋಟಿಯಷ್ಟು. ಪೊಲೀಸರಿಗೊಂದು ಲೆಕ್ಕ, ಷೇರುದಾರರಿಗೊಂದು ಲೆಕ್ಕ! ಕಿರಾಣಿ ಅಂಗಡಿಯವನು ಹೀಗೆ ಎರಡು ಖಾತೆ ಇಟ್ಟಿದ್ದರೆ ತೆರಿಗೆ ಇಲಾಖೆ ಬಿಡುತ್ತಿತ್ತೇ? ಡಿಸೆಂಬರ್ 19ಕ್ಕೆ, ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿರಲಿಲ್ಲವೆಂದು ಒಪ್ಪಿ ಕಂಪನಿ ಕ್ಷಮೆ ಕೇಳಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಮಂದಿಯ ಬಂಧನವಾಗಿತ್ತು.

ಪತ್ರಿಕೆಗಳನ್ನಷ್ಟೇ ಬೈದು ಫಲವಿಲ್ಲ. ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅಪಾಯವನ್ನು 1982ರಲ್ಲೇ ಬರೆದವರು ರಾಜಕುಮಾರ ಕೇಸ್ವಾನಿ, ಅದೂ ತಮ್ಮದೊಂದು ಸಣ್ಣ ವಾರಪತ್ರಿಕೆಯಲ್ಲಿ. ಒಳಗಿನ ಕಾರ್ಮಿಕರು ಬಾಯಿ ಬಿಟ್ಟದ್ದರಿಂದಲೇ ಅದು ಸಾಧ್ಯವಾಯಿತು. ಯಾರೂ ಕಿವಿಗೊಡಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಸಾವಿರಾರು ಜನ ಸತ್ತರು. ಆಮೇಲೆ, 1987ರಲ್ಲಿ, ಅಪಾಯದ ವಿವರವನ್ನು ಕಾರ್ಮಿಕರಿಗೂ ನೆರೆಯ ಜನರಿಗೂ ತಿಳಿಸಬೇಕೆಂದು ಕಾರ್ಖಾನೆ ಕಾಯದೆಗೆ ತಿದ್ದುಪಡಿ ಬಂತು.

ನಮ್ಮ ಆಳಂದ ತಾಲೂಕಿನ ಭೂಸನೂರು, ಅಫಜಲಪುರದ ಹವಳಗಾಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಬಾಯ್ಲರ್ ಇದ್ದಲ್ಲಿ ಅಪಾಯವೂ ಇದೆ. ಏನಾದರೂ ಆದರೆ ಅರ್ಧ ತಾಸಿನಲ್ಲಿ ಮಟಕಿಯ ಚಹಾದಂಗಡಿಗೆ ಮೊಬೈಲಿನಲ್ಲಿ ಸುದ್ದಿ ಮುಟ್ಟುತ್ತದೆ: ಒಬ್ಬ ಹತ್ತು ಸತ್ತರೆಂದಾನು, ಇನ್ನೊಬ್ಬ ಕಾರ್ಖಾನೆಯೇ ಮುಚ್ಚಿತೆಂದಾನು. ಮುಚ್ಚಿತೆಂಬ ಗಾಳಿಮಾತಿಗೇ ಸಗಟು ವ್ಯಾಪಾರಿ ಉದ್ದರಿ ನಿಲ್ಲಿಸುತ್ತಾನೆ. ಪೆಟ್ಟು ಬೀಳುವುದು ಸಣ್ಣ ಅಂಗಡಿಯವನಿಗೆ. ಸತ್ತವನ ಹೆಸರನ್ನಂತೂ ಅವನ ಮನೆಯವರಿಗೆ ತಿಳಿಯುವ ಮೊದಲು ಯಾರೂ ಹರಡಬಾರದು.

ಆದ್ದರಿಂದ ಕಬ್ಬಿನ ಹಂಗಾಮಿಗೆ ಮುಂಚೆಯೇ ಸಂಘ ಸಭೆ ಸೇರಿ ಇಬ್ಬರನ್ನು ನೇಮಿಸಲಿ. ಅನಾಹುತದ ದಿನ ವರದಿಗಾರರೊಡನೆ ಮಾತಾಡುವವರು ಅವರೇ ಆಗಲಿ. ಎಷ್ಟು ಜನ ಪಾಳಿಯಲ್ಲಿದ್ದರು, ಗುತ್ತಿಗೆಯವರೆಷ್ಟು, ಯಾರು ಆಸ್ಪತ್ರೆಯಲ್ಲಿದ್ದಾರೆ, ದೂರು ಮೊದಲೇ ಕೊಟ್ಟಿದ್ದರೆ ಯಾವ ತಾರೀಖಿನಂದು ಎಂಬುದನ್ನು ಬರೆದುಕೊಡಲಿ. ತಿಳಿಯದ್ದನ್ನು ತಿಳಿಯದೆಂದೇ ಹೇಳಲಿ. ಗುತ್ತಿಗೆಯವರ ಹೆಸರು ಕಂಪನಿಯ ಹಾಜರಿ ಪುಸ್ತಕದಲ್ಲಿ ಕಾಣದೇ ಹೋದೀತು. ಅವರದೊಂದು ಪಟ್ಟಿ ಸಂಘದ ಕೈಯಲ್ಲೇ ಇರಲಿ.